ಕೊಟ್ಟಿಗೆಯೊಳಗಿನ ಚಳಿಗಾಲ: ಮಿಶ್ರತಳಿ ಕುರಿಗಳ ಮೇವು ಮತ್ತು ಉಷ್ಣದ ಲೆಕ್ಕ

ಕಂಬಳಿ ಬೆಚ್ಚಗಿರುತ್ತದೆ ಎನ್ನುತ್ತೇವೆ. ಆದರೆ ಮಡಿಸಿಟ್ಟ ಕಂಬಳಿಯೊಳಗೆ ತಾಪಮಾಪಕವನ್ನು ಇಟ್ಟು ನೋಡಿದರೆ ಅದು ಕೋಣೆಯ ತಾಪವನ್ನೇ ತೋರಿಸುತ್ತದೆ. ಕಂಬಳಿ ಉಷ್ಣವನ್ನು ಕೊಡುವುದಿಲ್ಲ. ಹೊದ್ದವರ ಮೈಯ ಉಷ್ಣ ಬೇಗನೆ ಹೊರಹೋಗದಂತೆ ತಡೆಯುತ್ತದೆ. ಪ್ರೌಢಶಾಲೆಯಲ್ಲಿ ಎಲ್ಲರೂ ಓದುವ ಪಾಠವಿದು. ಇದೇ ಪಾಠವನ್ನು ಕಂಬಳಿಯ ಮೂಲವಾದ ಕುರಿಗೆ ಅನ್ವಯಿಸಿದರೆ ಒಂದು ಪ್ರಶ್ನೆ ಏಳುತ್ತದೆ. ಉಣ್ಣೆ ಬರಿಯ ತಡೆ ಎಂದಾದರೆ, ಹಿಮ ಬೀಳುವ ನಾಡಿನಲ್ಲಿ ಕುರಿಯನ್ನು ಬೆಚ್ಚಗಿಡುವ ಒಲೆ ಯಾವುದು? ಆ ಒಲೆಗೆ ದಿನಕ್ಕೆ ಎಷ್ಟು ಉರುವಲು ಬೇಕು?

ಕಾಶ್ಮೀರದ ಕಣಿವೆಯ ರೈತ ಪ್ರತಿ ವರ್ಷ ಶರತ್ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೇಬೇಕು. ಅವನ ಅಂದಾಜು ತಪ್ಪಿದರೆ ಅದರ ಫಲ ಕಾಣುವುದು ಫೆಬ್ರವರಿಯಲ್ಲಿ, ಹೊರಗೆ ಒಂದು ಎಸಳು ಹುಲ್ಲೂ ಇಲ್ಲದಾಗ, ಕುರಿಗಳು ಮರಿ ಹಾಕುವ ಹೊತ್ತಿನಲ್ಲಿ. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಈ ಪದ್ಧತಿಯನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡೋಣ.

ಕುರಿಯೂ ಚಳಿಯೂ

ಕಾಶ್ಮೀರದಲ್ಲಿ ಇಂದು ಹೆಚ್ಚಾಗಿ ಕಾಣುವ ಉಣ್ಣೆಯ ಕುರಿ ಮಿಶ್ರತಳಿಯದು. ಗದ್ದಿ, ಬಕರ್‌ವಾಲ್, ಪೂಂಛಿ ಎಂಬ ಸ್ಥಳೀಯ ಕುರಿಗಳನ್ನು ಮೊದಲು ಡಿಲೇನ್ ಮೆರಿನೊ ಟಗರುಗಳೊಂದಿಗೂ ಮುಂದೆ ರಾಂಬುಯೆ ಮತ್ತು ಸೋವಿಯತ್ ಮೆರಿನೊ ಟಗರುಗಳೊಂದಿಗೂ ಕೂಡಿಸಿ ಪಡೆದ ಈ ಕುರಿಗೆ ಕಾಶ್ಮೀರ್ ಮೆರಿನೊ ಎಂದು ಹೆಸರು. ಇದರ ಉಣ್ಣೆಯ ಎಳೆಯ ವ್ಯಾಸ ಸುಮಾರು 20 ಮೈಕ್ರೊಮೀಟರ್. ನಮ್ಮ ದಖನಿ ಕುರಿಯ ಒರಟು ಉಣ್ಣೆಗೆ ಹೋಲಿಸಿದರೆ ಇದು ಬಹಳ ನಯ. ನಯವಾದ ಉಣ್ಣೆಗೆ ಹೆಚ್ಚು ಬೆಲೆ ಬರಲಿ ಎಂಬುದೇ ಈ ಸಂಕರಣದ ಉದ್ದೇಶವಾಗಿತ್ತು. ಆದರೆ ಉಣ್ಣೆಯನ್ನು ಬೆಳೆಸಲು ಬೇಕಾದ ಪ್ರೋಟೀನು ಮೇವಿನಿಂದಲೇ ಬರಬೇಕು. ಅರೆಹೊಟ್ಟೆಯ ಚಳಿಗಾಲಕ್ಕೆ ಒಗ್ಗಿದ ಸ್ಥಳೀಯ ಕುರಿಗಿಂತ ಮಿಶ್ರತಳಿಯ ಬೇಡಿಕೆ ಹೆಚ್ಚು.

ಬೇಸಿಗೆಯಲ್ಲಿ ಊರಿನ ಕುರಿಗಳನ್ನು ಚೋಪಾನ್ ಎಂದು ಕರೆಯುವ ಕುರುಬರು ಎತ್ತರದ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಹೋಗುತ್ತಾರೆ. ಶರತ್ಕಾಲದಲ್ಲಿ ಅವು ಕೆಳಗಿಳಿದು ಊರಿಗೆ ಬರುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳು, ಅವುಗಳಿಗೆ ಕೊಟ್ಟಿಗೆಯೇ ಗತಿ. ಹಳೆಯ ಹಳ್ಳಿಮನೆಗಳಲ್ಲಿ ಕೆಳ ಅಂತಸ್ತೇ ಕೊಟ್ಟಿಗೆ. ಮೇಲೆ ಮನೆಯವರ ವಾಸ.

ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಅನಂತರ ಇಪ್ಪತ್ತು ದಿನಗಳ ‘ಚಿಲ್ಲೈ ಖುರ್ದ್’, ಆಮೇಲೆ ಹತ್ತು ದಿನಗಳ ‘ಚಿಲ್ಲೈ ಬಚ್ಚಾ’. ಶ್ರೀನಗರದಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗೆ ಇರುತ್ತದೆ. 2024ರ ಡಿಸೆಂಬರ್ 21ರ ಮುಂಜಾನೆ ಅಲ್ಲಿ -8.5 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಇಂಥ ಹವೆಯಲ್ಲಿ 39 ಡಿಗ್ರಿಯ ಮೈತಾಪವನ್ನು ಒಂದೇ ಸಮನೆ ಕಾಯ್ದುಕೊಳ್ಳುವ ಕೆಲಸ ಕುರಿಯದು.

ಉಷ್ಣದ ಆಯವ್ಯಯ

ಪ್ರಾಣಿಯ ಮೈಯನ್ನು ಒಲೆಗೆ ಹೋಲಿಸಿದ್ದು ಇತ್ತೀಚೆಗಲ್ಲ. 1782–83ರ ಚಳಿಗಾಲದಲ್ಲಿ ಫ್ರಾನ್ಸಿನ ಲಾವೊಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿ ಇಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿರಿಸಿ, ಕರಗಿದ ನೀರನ್ನು ತೂಗಿ, ಆ ಪ್ರಾಣಿ ಹೊರಬಿಟ್ಟ ಉಷ್ಣವನ್ನು ಅಳೆದರು. ಉಸಿರಾಟವೂ ಒಂದು ಬಗೆಯ ನಿಧಾನ ದಹನ ಎಂಬ ತಿಳಿವಳಿಕೆಗೆ ಅದು ಆಧಾರವಾಯಿತು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಸ್ಕಾಟ್ಲೆಂಡಿನ ಕೆನೆತ್ ಬ್ಲಾಕ್ಸ್‌ಟರ್ ಮತ್ತು ಸಂಗಡಿಗರು ಕುರಿ ಹಿಡಿಸುವಷ್ಟು ದೊಡ್ಡ ಉಷ್ಣಮಾಪಕ ಕೋಣೆಗಳಲ್ಲಿ ಇಂಥ ಅಳತೆಗಳನ್ನು ಮಾಡಿದರು.

ದೇಹದ ತೂಕಕ್ಕೂ ಅದು ಉತ್ಪಾದಿಸುವ ಉಷ್ಣಕ್ಕೂ ಇರುವ ಸಂಬಂಧವನ್ನು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಸೂಚಿಸಿದ. ಉಷ್ಣ ತೂಕಕ್ಕೆ ನೇರ ಅನುಪಾತದಲ್ಲಿ ಏರುವುದಿಲ್ಲ; ತೂಕದ ಮುಕ್ಕಾಲನೆಯ ಘಾತಕ್ಕೆ ಅನುಪಾತದಲ್ಲಿ ಏರುತ್ತದೆ. 40 ಕಿ.ಗ್ರಾಂ. ಕುರಿಯನ್ನು ತೆಗೆದುಕೊಳ್ಳೋಣ. 40ರ ಮುಕ್ಕಾಲನೆಯ ಘಾತ ಸುಮಾರು 15.9. ಕೊಟ್ಟಿಗೆಯಲ್ಲಿರುವ ಇಂಥ ಕುರಿ ತೂಕ ಇಳಿಯದೆ, ಏರದೆ ಇರಲು ದಿನಕ್ಕೆ ಸುಮಾರು 6.7 ಮೆಗಾಜೂಲ್ ಶಕ್ತಿಯನ್ನು ಮೇವಿನಿಂದ ಪಡೆಯಬೇಕು. ಇದನ್ನು ಒಂದು ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಬರುವುದು 77 ವಾಟ್. ಶಕ್ತಿಯ ದೃಷ್ಟಿಯಿಂದ ಕುರಿಯೆಂದರೆ ಹಗಲೂ ರಾತ್ರಿ ಉರಿಯುವ ಒಂದು ಹಳೆಯ ಕಾಲದ 75 ವಾಟ್ ಬಲ್ಬು!

ಈ 77 ವಾಟ್‌ನಲ್ಲಿ ಸುಮಾರು 15 ವಾಟ್ ಉಸಿರು ಮತ್ತು ಚರ್ಮದ ಮೂಲಕ ನೀರಾವಿಯಾಗಿ ಹೋಗುತ್ತದೆ. ಉಳಿದ 60 ವಾಟ್ ಉಷ್ಣವಹನ, ಸಂವಹನ, ವಿಕಿರಣಗಳ ಮೂಲಕ ಉಣ್ಣೆಯನ್ನು ದಾಟಿ ಹೊರಹೋಗುತ್ತದೆ. ಕುರಿಯ ಮೈಯ ಹೊರಮೇಲ್ಮೈ ಸುಮಾರು ಒಂದು ಚದರ ಮೀಟರ್.

ಉಣ್ಣೆಯ ಕೆಲಸ ಇಲ್ಲಿದೆ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಅಲುಗಾಡುವುದಿಲ್ಲ. ನಿಶ್ಚಲ ಗಾಳಿ ಉಷ್ಣದ ಕಳಪೆ ವಾಹಕ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಉಣ್ಣೆ ತೋಯ್ದು ಗಾಳಿಯ ಜಾಗದಲ್ಲಿ ನೀರು ತುಂಬಿದರೆ ಕಂಬಳಿ ಇದ್ದೂ ಇಲ್ಲದಂತೆ. ಸಾಲದ್ದಕ್ಕೆ ಒಂದು ಕಿಲೊಗ್ರಾಂ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಬೇಕು. ಅದರ ಒಂದು ಪಾಲನ್ನು ಕುರಿಯ ಮೈಯೇ ತೆರಬೇಕು. ಕೊಟ್ಟಿಗೆಯ ಮಾಡು ಮೊದಲು ತಡೆಯಬೇಕಾದದ್ದು ಒದ್ದೆಯನ್ನು ಮತ್ತು ಬೀಸುಗಾಳಿಯನ್ನು. ಚಳಿಯ ಪಾಳಿ ಆಮೇಲೆ.

ಕೆಳಮಿತಿಯ ತಾಪ

ಹೊರಗಿನ ತಾಪ ಇಳಿಯುತ್ತ ಹೋದಂತೆ ಒಂದು ಹಂತದವರೆಗೆ ಕುರಿ ವಿಶೇಷವಾಗಿ ಏನನ್ನೂ ಮಾಡಬೇಕಿಲ್ಲ. ಬದುಕುವ ಕ್ರಿಯೆಯಲ್ಲಿ ತಾನಾಗಿ ಹುಟ್ಟುವ ಉಷ್ಣವೇ ಸಾಕು. ಅದಕ್ಕಿಂತ ಕೆಳಗೆ ಇಳಿದರೆ ಮಾತ್ರ ಮೈಯ ಕೊಬ್ಬನ್ನೋ ಮೇವನ್ನೋ ಬರಿಯ ಉಷ್ಣಕ್ಕಾಗಿ ಸುಡಬೇಕಾಗುತ್ತದೆ, ಕುರಿ ನಡುಗತೊಡಗುತ್ತದೆ. ಈ ಗಡಿಯನ್ನು ಕೆಳಮಿತಿಯ ತಾಪ ಎನ್ನೋಣ.

ಉಷ್ಣಮಾಪಕ ಕೋಣೆಗಳ ಅಧ್ಯಯನಗಳಿಂದ ದೊರೆತ ಅಂಕಿಗಳು ಕುತೂಹಲಕರವಾಗಿವೆ. ಉಣ್ಣೆಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿದ ಕುರಿ ಉಪವಾಸವಿದ್ದರೆ ಅದರ ಕೆಳಮಿತಿ ಸುಮಾರು 31 ಡಿಗ್ರಿ. ತೂಕ ಕಾಯ್ದುಕೊಳ್ಳುವಷ್ಟು ಮೇವು ತಿಂದಿದ್ದರೆ 25 ಡಿಗ್ರಿ. ಹೊಟ್ಟೆ ತುಂಬ ತಿಂದಿದ್ದರೆ 18 ಡಿಗ್ರಿ. ಅದೇ ಕುರಿ, ಅದೇ ಉಣ್ಣೆ. ಬರಿಯ ಮೇವಿನಿಂದಲೇ 13 ಡಿಗ್ರಿಗಳ ವ್ಯತ್ಯಾಸ. ಇನ್ನು ತೂಕ ಕಾಯ್ದುಕೊಳ್ಳುವ ಮೇವನ್ನೇ ಕೊಟ್ಟು ಉಣ್ಣೆಯನ್ನು ಬೆಳೆಯಬಿಟ್ಟರೆ, 5 ಸೆಂಟಿಮೀಟರ್ ಉಣ್ಣೆಗೆ ಕೆಳಮಿತಿ ಸುಮಾರು 9 ಡಿಗ್ರಿ, 10 ಸೆಂಟಿಮೀಟರ್‌ಗೆ -3 ಡಿಗ್ರಿ.

ಕಾಶ್ಮೀರದಲ್ಲಿ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಕತ್ತರಿಸುವ ರೂಢಿಯಿದೆ. ಆದ್ದರಿಂದ ಕಡುಚಳಿಯ ಹೊತ್ತಿಗೆ ಕುರಿಯ ಮೈಮೇಲಿರುವುದು ಎರಡು-ಮೂರು ಸೆಂಟಿಮೀಟರ್ ಉಣ್ಣೆ ಮಾತ್ರ. 2 ಸೆಂಟಿಮೀಟರ್ ಉಣ್ಣೆಗೆ ಮೇಲಿನ ಅಂಕಿಗಳ ಜಾಡಿನಲ್ಲಿ ಕೆಳಮಿತಿ ಸುಮಾರು 19 ಡಿಗ್ರಿ ಎಂದು ಅಂದಾಜು ಮಾಡಬಹುದು. ಮೈತಾಪ 39, ಹೊರತಾಪ 19; ಅಂತರ 20 ಡಿಗ್ರಿ. ಈ ಅಂತರದಲ್ಲಿ ಹರಿಯುವ ಉಷ್ಣ 60 ವಾಟ್. ಅಂದರೆ ಪ್ರತಿ ಡಿಗ್ರಿಗೆ 3 ವಾಟ್.

ಕೊಟ್ಟಿಗೆಯ ತಾಪ ಕೆಳಮಿತಿಗಿಂತ ಒಂದು ಡಿಗ್ರಿ ಇಳಿದರೆ ಕುರಿ ದಿನವೊಂದಕ್ಕೆ 3 ವಾಟ್ × 86,400 ಸೆಕೆಂಡು, ಅಂದರೆ ಸುಮಾರು 0.26 ಮೆಗಾಜೂಲ್ ಹೆಚ್ಚು ತೆರಬೇಕು. ಕಾಳು-ಹಿಂಡಿ ಬೆರೆತ ದಾಣಿಯ ಒಂದು ಕಿಲೊಗ್ರಾಂನಲ್ಲಿ ಕುರಿಗೆ ದಕ್ಕುವ ಶಕ್ತಿ ಸುಮಾರು 10 ಮೆಗಾಜೂಲ್. ಹಾಗಾಗಿ ಒಂದು ಡಿಗ್ರಿ ಚಳಿಯ ಬೆಲೆ ದಿನಕ್ಕೆ 26 ಗ್ರಾಂ ದಾಣಿ. ಹತ್ತು ಡಿಗ್ರಿಗೆ 260 ಗ್ರಾಂ. ಚಳಿಯನ್ನು ಹೀಗೆ ತಕ್ಕಡಿಯಲ್ಲಿ ತೂಗಬಹುದು!

ಇದು ಒಂಟಿಯಾಗಿ ನಿಂತ ಕುರಿಯ ಲೆಕ್ಕ. ಕುರಿಗಳು ಒಂದಕ್ಕೊಂದು ಮೈತಾಗಿಸಿ ಮಲಗಿದಾಗ ಗಾಳಿಗೆ ಒಡ್ಡಿಕೊಂಡ ಮೇಲ್ಮೈ ಕಡಿಮೆಯಾಗುತ್ತದೆ, ಬೆಲೆಯೂ ಇಳಿಯುತ್ತದೆ. ಕಾಲು ಮಡಿಸಿ ಒಣಹುಲ್ಲಿನ ಹಾಸಿನ ಮೇಲೆ ಮಲಗುವುದರಿಂದಲೂ ಇದೇ ಲಾಭ. ಒಣ ಹಾಸು ಕುರಿಯ ಹೊಟ್ಟೆಯಡಿಗೆ ಹಾಸಿದ ಇನ್ನೊಂದು ಕಂಬಳಿ.

ಹೊಟ್ಟೆಯೊಳಗಿನ ಒಲೆ

ಕುರಿ ಮೆಲುಕು ಹಾಕುವ ಪ್ರಾಣಿ. ಅದರ ನಾಲ್ಕು ಕೋಣೆಗಳ ಜಠರದಲ್ಲಿ ಮೊದಲನೆಯದಾದ ರೂಮೆನ್ ಒಂದು ದೊಡ್ಡ ಹುದುಗುಪಾತ್ರೆ. ನಮಗೆ ಜೀರ್ಣವಾಗದ ಸೆಲ್ಯುಲೋಸನ್ನು ಅಲ್ಲಿನ ಸೂಕ್ಷ್ಮಜೀವಿಗಳು ಒಡೆದು ಅಸಿಟಿಕ್, ಪ್ರೊಪಿಯಾನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ಕುರಿಯ ಮುಖ್ಯ ಇಂಧನ ಈ ಆಮ್ಲಗಳು. ಹುದುಗುವ ಕ್ರಿಯೆಯಲ್ಲೇ ಒಂದಷ್ಟು ಉಷ್ಣ ಹುಟ್ಟುತ್ತದೆ. ಅಗಿಯುವ, ಮೆಲುಕು ಹಾಕುವ, ಆಮ್ಲಗಳನ್ನು ಬಳಸಿಕೊಳ್ಳುವ ಕೆಲಸಗಳಿಂದ ಇನ್ನಷ್ಟು. ನಾರು ಹೆಚ್ಚಾದಷ್ಟೂ ಹೀಗೆ ಉಷ್ಣವಾಗಿ ಹೋಗುವ ಪಾಲು ಹೆಚ್ಚು.

ಬೇಸಿಗೆಯಲ್ಲಿ ಇದು ನಷ್ಟ. ಚಳಿಗಾಲದಲ್ಲಿ ಇದೇ ಒಲೆ. ಕೆಳಮಿತಿಗಿಂತ ಕೆಳಗಿನ ತಾಪದಲ್ಲಿ ಈ ಉಷ್ಣ ಒಂದಿಷ್ಟೂ ವ್ಯರ್ಥವಾಗುವುದಿಲ್ಲ. ಮೇವು ತಿಂದ ಮೇಲೆ ಕೆಲವು ಗಂಟೆಗಳ ಕಾಲ ಉಷ್ಣದ ಉತ್ಪಾದನೆ ಏರಿರುತ್ತದೆ. ಆದ್ದರಿಂದ ಒಣಮೇವಿನ ದೊಡ್ಡ ಪಾಲನ್ನು ಸಂಜೆ ಗೋದಲಿಗೆ ಹಾಕುವುದು ಜಾಣತನ. ರಾತ್ರಿಯ ಕೊರೆಯುವ ಹೊತ್ತಿನಲ್ಲಿ ಒಲೆ ಉರಿಯುತ್ತಿರುತ್ತದೆ.

ಹಾಗಾದರೆ ಭತ್ತದ ಹುಲ್ಲನ್ನೇ ಬೇಕಾದಷ್ಟು ಹಾಕಿದರೆ ಸಾಲದೇ? ಕಾಶ್ಮೀರದ ಕಣಿವೆ ಭತ್ತದ ನಾಡು, ಹುಲ್ಲಿಗೆ ಬರವಿಲ್ಲ. ತೊಡಕು ಇರುವುದು ಬೇರೆಡೆ. ಭತ್ತದ ಹುಲ್ಲಿನ ಒಂದು ಕಿಲೊಗ್ರಾಂ ಒಣಭಾಗದಲ್ಲಿ ಕುರಿಗೆ ದಕ್ಕುವುದು ಸುಮಾರು 6 ಮೆಗಾಜೂಲ್. ಅದರಲ್ಲಿರುವ ಪ್ರೋಟೀನು ನೂರಕ್ಕೆ ಮೂರು-ನಾಲ್ಕು ಭಾಗ. ರೂಮೆನ್‌ನ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡಲು ಮೇವಿನಲ್ಲಿ ಏಳೆಂಟು ಭಾಗವಾದರೂ ಇರಬೇಕು. ಸಾರಜನಕದ ಕೊರತೆಯಾದರೆ ಅವು ನಿಧಾನವಾಗುತ್ತವೆ. ಹುಲ್ಲು ಒಡೆಯುವುದು ತಡವಾಗುತ್ತದೆ. ರೂಮೆನ್ ಖಾಲಿಯಾಗದೆ ಕುರಿ ಹೆಚ್ಚು ತಿನ್ನಲಾರದು. 40 ಕಿಲೊಗ್ರಾಂ ಕುರಿ ಬರಿಯ ಭತ್ತದ ಹುಲ್ಲನ್ನು ದಿನಕ್ಕೆ 700 ಗ್ರಾಂನಷ್ಟು ತಿಂದರೆ ಸಿಗುವುದು 4.2 ಮೆಗಾಜೂಲ್. ಬೇಕಾದದ್ದು 6.7. ಹೊಟ್ಟೆ ತುಂಬಿದೆ, ಕುರಿ ಹಸಿದಿದೆ! ಕೊರತೆಯ 2.5 ಮೆಗಾಜೂಲ್ ಕುರಿಯ ಮೈಯ ಕೊಬ್ಬು ಮತ್ತು ಮಾಂಸದಿಂದ ಹೋಗುತ್ತದೆ. ಒಲೆ ಆರುವುದಿಲ್ಲ ನಿಜ. ಮನೆಯ ತೊಲೆಯನ್ನೇ ಕಡಿದು ಉರಿಸಿದಂತೆ.

ಗಬ್ಬದ ಕುರಿಯ ಇಕ್ಕಟ್ಟು

ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಹುಲ್ಲುಗಾವಲಿನಿಂದ ಮರಳಿದ ಕುರಿಗಳು ಶರತ್ಕಾಲದಲ್ಲಿ ಗಬ್ಬವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈಯುತ್ತವೆ. ವಸಂತದ ಹಸಿರು ಹುಲ್ಲಿಗೆ ಮರಿಗಳು ಸಿದ್ಧವಾಗಲಿ ಎಂಬುದು ಇದರ ಹಿಂದಿನ ಎಣಿಕೆ. ಆದರೆ ಹುಟ್ಟುವ ಮರಿಯ ತೂಕದ ಮೂರನೆಯ ಎರಡರಷ್ಟು ಭಾಗ ಬೆಳೆಯುವುದು ಗಬ್ಬದ ಕೊನೆಯ ಆರು ವಾರಗಳಲ್ಲಿ. ಈ ವಾರಗಳು ಬೀಳುವುದು ಜನವರಿ, ಫೆಬ್ರವರಿಯಲ್ಲಿ. ಬೇಡಿಕೆಯ ಶಿಖರವೂ ಚಳಿಯ ಶಿಖರವೂ ಒಟ್ಟಿಗೆ ಬರುತ್ತವೆ.

ಈ ಹೊತ್ತಿನಲ್ಲಿ ಒಂದು ಮರಿ ಹೊತ್ತ ಕುರಿಗೆ ಸಾಮಾನ್ಯ ಬೇಡಿಕೆಯ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು. ಅವಳಿಗಳಾದರೆ ಎರಡು ಪಟ್ಟಿನ ಹತ್ತಿರ. ಅದೇ ಸಮಯದಲ್ಲಿ ಬೆಳೆಯುವ ಗರ್ಭ ಹೊಟ್ಟೆಯೊಳಗಿನ ಜಾಗವನ್ನು ಆಕ್ರಮಿಸಿ ರೂಮೆನನ್ನು ಒತ್ತುತ್ತದೆ. ಹೆಚ್ಚು ಬೇಕು, ಆದರೆ ಜಾಗ ಕಡಿಮೆ. ಆದ್ದರಿಂದ ಕಡಿಮೆ ಗಾತ್ರದಲ್ಲಿ ಹೆಚ್ಚು ಶಕ್ತಿಯಿರುವ ಮೇವನ್ನು ಕೊಡದೆ ಬೇರೆ ದಾರಿಯಿಲ್ಲ.

ದಿನವೊಂದಕ್ಕೆ ಒಂದು ಮಾದರಿ ಲೆಕ್ಕ ಹೀಗಿದೆ:

ಭತ್ತದ ಹುಲ್ಲು 400 ಗ್ರಾಂ – ಸುಮಾರು 2.4 ಮೆಗಾಜೂಲ್
ಓಟ್ಸ್ ಒಣಮೇವು 500 ಗ್ರಾಂ – ಸುಮಾರು 4.2 ಮೆಗಾಜೂಲ್
ದಾಣಿ 250 ಗ್ರಾಂ – ಸುಮಾರು 2.5 ಮೆಗಾಜೂಲ್
ಒಟ್ಟು – ಸುಮಾರು 9.1 ಮೆಗಾಜೂಲ್

ಓಟ್ಸ್ ಕಾಶ್ಮೀರದ ಮುಖ್ಯ ಚಳಿಗಾಲದ ಮೇವಿನ ಬೆಳೆ. ಹೂಬಿಡುವ ಹಂತದಲ್ಲಿ ಕೊಯ್ದು ಚೆನ್ನಾಗಿ ಒಣಗಿಸಿದರೆ ಅದರಲ್ಲಿ ಹುಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನು ಇರುತ್ತದೆ. ಶರತ್ಕಾಲದಲ್ಲಿ ಕಡಿದು ಒಣಗಿಸಿಟ್ಟ ವಿಲ್ಲೋ ಮತ್ತು ಹಿಪ್ಪುನೇರಳೆ ಸೊಪ್ಪು ಸಹ ಹುಲ್ಲಿನಲ್ಲಿಲ್ಲದ ಪ್ರೋಟೀನನ್ನು ಒದಗಿಸುತ್ತದೆ. ಹಸಿರು ಉಳಿಯುವಂತೆ ಒಣಗಿಸಿದ ಸೊಪ್ಪಿನಲ್ಲಿ ಎ ಅನ್ನಾಂಗದ ಮೂಲವಾದ ಕೆರೊಟಿನ್ ಇರುತ್ತದೆ; ಬಿಳಿಚಿದ ಹುಲ್ಲಿನಲ್ಲಿ ಅದು ಇಲ್ಲವೇ ಇಲ್ಲ ಎನ್ನಬೇಕು.

ಈ 9.1 ಮೆಗಾಜೂಲ್‌ನಲ್ಲಿ ಇನ್ನೊಂದು ಲಾಭ ಅಡಗಿದೆ. ಗಬ್ಬಕ್ಕಾಗಿ ತಿಂದ ಹೆಚ್ಚುವರಿ ಶಕ್ತಿಯಲ್ಲಿ ಮರಿಯ ಮೈಯಲ್ಲಿ ಸಂಚಯವಾಗುವುದು ಸ್ವಲ್ಪವೇ, ಹೆಚ್ಚಿನದು ಉಷ್ಣವಾಗುತ್ತದೆ. ತಾಯಿಕುರಿ ಈಗ 75ರ ಬದಲು ಸುಮಾರು 100 ವಾಟ್‌ನ ಬಲ್ಬು. ಅದರಲ್ಲಿ 85 ವಾಟ್ ಉಣ್ಣೆಯ ಮೂಲಕ ಹೋಗುತ್ತದೆ ಎಂದುಕೊಂಡರೆ, ಡಿಗ್ರಿಗೆ 3 ವಾಟ್‌ನಂತೆ 28 ಡಿಗ್ರಿಗಳ ಅಂತರವನ್ನು ಅದು ತಾಳಬಲ್ಲದು. ಕೆಳಮಿತಿ 19ರಿಂದ 11 ಡಿಗ್ರಿಗೆ ಇಳಿಯಿತು! ಹೊಟ್ಟೆ ತುಂಬ ಸರಿಯಾದ ಮೇವು ತಿಂದ ಗಬ್ಬದ ಕುರಿಯನ್ನು ಚಳಿ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಅರೆಹೊಟ್ಟೆಯ ಕುರಿಯನ್ನು.

ಕೊರತೆ ಮಿತಿಮೀರಿದಾಗ ಬರುವ ಕಾಯಿಲೆಯೊಂದಿದೆ. ಮರಿಗೆ ಗ್ಲೂಕೋಸು ಬೇಕೇ ಬೇಕು. ತಾಯಿಯ ಮೈ ಕೊಬ್ಬನ್ನು ವೇಗವಾಗಿ ಕರಗಿಸತೊಡಗುತ್ತದೆ. ಕೊಬ್ಬು ಪೂರ್ತಿ ಉರಿಯದೆ ಕೀಟೋನ್‌ಗಳು ರಕ್ತದಲ್ಲಿ ಸೇರುತ್ತವೆ. ಕುರಿ ಮೇವು ಬಿಡುತ್ತದೆ, ಮಂದೆಯಿಂದ ದೂರ ನಿಲ್ಲುತ್ತದೆ, ಮಂಕಾಗುತ್ತದೆ, ಕೊನೆಗೆ ಏಳಲಾರದು. ಅವಳಿ ಹೊತ್ತ ಕುರಿಗಳಲ್ಲಿ ಇದು ಹೆಚ್ಚು. ಬಿದ್ದ ಕುರಿಯನ್ನು ಉಳಿಸುವುದು ಕಷ್ಟ. ಆರು ವಾರ ಮೊದಲೇ ದಾಣಿ ಪ್ರಾರಂಭಿಸುವುದು ಸುಲಭ. ಆದರೆ ದಾಣಿಯನ್ನು ಒಮ್ಮೆಲೇ ಹೆಚ್ಚಿಸಬಾರದು. ರೂಮೆನ್‌ನಲ್ಲಿ ಆಮ್ಲ ವಿಪರೀತವಾಗಿ ಕುರಿ ಸಾಯಲೂಬಹುದು. 50 ಗ್ರಾಂನಿಂದ ಆರಂಭಿಸಿ ಎರಡು ವಾರಗಳಲ್ಲಿ ಪೂರ್ಣ ಪ್ರಮಾಣಕ್ಕೆ ತಂದು, ದಿನಕ್ಕೆ ಎರಡು ಕಂತಿನಲ್ಲಿ ಕೊಡುವುದು ಒಳಿತು.

ಕುರಿ ಬಡಕಲಾಗಿದೆಯೇ ಎಂದು ಕಣ್ಣಿನಿಂದ ತಿಳಿಯದು. ಉಣ್ಣೆ ಎಲ್ಲವನ್ನೂ ಮುಚ್ಚುತ್ತದೆ. ಸೊಂಟದ ಮೇಲೆ ಕೈಯಿಟ್ಟು ಬೆನ್ನುಮೂಳೆಯ ಮುಳ್ಳುಗಳನ್ನು ಒತ್ತಿ ನೋಡಬೇಕು. ಚೂಪಾಗಿ ಕೈಗೆ ತಗುಲಿದರೆ ಕುರಿ ಸಾಲ ಮಾಡಿ ಬದುಕುತ್ತಿದೆ ಎಂದು ಅರ್ಥ.

ಹುಲ್ಲಿಗೆ ಯೂರಿಯಾ: ಕಾಲವೂ ಮುಖ್ಯ

ಭತ್ತದ ಹುಲ್ಲನ್ನು ಉತ್ತಮಪಡಿಸುವ ಒಂದು ಸರಳ ವಿಧಾನ ಯೂರಿಯಾ ಉಪಚಾರ. 100 ಕಿಲೊಗ್ರಾಂ ಒಣಹುಲ್ಲಿಗೆ 4 ಕಿಲೊಗ್ರಾಂ ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಕರಗಿಸಿ ಸಮವಾಗಿ ಚಿಮುಕಿಸಿ, ತುಳಿದು ಒತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಬೇಕು. ಯೂರಿಯಾ ಅಮೋನಿಯಾ ಆಗಿ ಹುಲ್ಲಿನ ನಾರಿನ ಬಂಧಗಳನ್ನು ಸಡಿಲಿಸುತ್ತದೆ. ಪ್ರೋಟೀನಿಗೆ ಸಮನಾದ ಸಾರಜನಕದ ಮಟ್ಟ ಏಳೆಂಟು ಭಾಗಕ್ಕೆ ಏರುತ್ತದೆ. ತಿನ್ನಿಸುವ ಮುನ್ನ ಹುಲ್ಲನ್ನು ಹರಡಿ ಅಮೋನಿಯಾದ ಘಾಟು ಹೋಗುವಂತೆ ಮಾಡಬೇಕು. ಎಳೆಯ ಮರಿಗಳಿಗೂ ಕುದುರೆಗಳಿಗೂ ಇದನ್ನು ಹಾಕಬಾರದು.

ನಮ್ಮ ಬಯಲುಸೀಮೆಯಲ್ಲಿ ಮೂರು ವಾರ ಮುಚ್ಚಿಟ್ಟರೆ ಸಾಕು. ಆದರೆ ರಾಸಾಯನಿಕ ಕ್ರಿಯೆಯ ವೇಗ ತಾಪವನ್ನು ಅವಲಂಬಿಸಿದೆ. 5ರಿಂದ 15 ಡಿಗ್ರಿಯಲ್ಲಿ ನಾಲ್ಕರಿಂದ ಎಂಟು ವಾರ ಬೇಕು. 5 ಡಿಗ್ರಿಗಿಂತ ಕೆಳಗೆ ಎಂಟು ವಾರಕ್ಕೂ ಹೆಚ್ಚು. ಹಿಮ ಬಿದ್ದ ಮೇಲೆ ಈ ಕೆಲಸಕ್ಕೆ ಕೈಹಾಕಿದರೆ ಹುಲ್ಲು ಸಿದ್ಧವಾಗುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ. ಭತ್ತದ ಕೊಯ್ಲಾದ ಕೂಡಲೇ, ಬಿಸಿಲು ಉಳಿದಿರುವಾಗಲೇ ಮಾಡಬೇಕಾದ ಕೆಲಸವಿದು.

ನೀರು ಕುಡಿಸುವುದೋ, ಹಿಮ ತಿನ್ನಿಸುವುದೋ?

ಒಣಮೇವು ತಿನ್ನುವ ಕುರಿಗೆ ದಿನಕ್ಕೆ ಎರಡು ಲೀಟರ್‌ಗೂ ಹೆಚ್ಚು ನೀರು ಬೇಕು. ಹಳ್ಳ, ನಲ್ಲಿಗಳು ಹೆಪ್ಪುಗಟ್ಟಿದಾಗ ‘ಹಿಮವನ್ನೇ ನೆಕ್ಕಿಕೊಳ್ಳಲಿ’ ಎಂದು ಬಿಡುವುದುಂಟು. ಲೆಕ್ಕ ನೋಡಿ. 2 ಕಿಲೊಗ್ರಾಂ ನೀರನ್ನು ಸೊನ್ನೆಯಿಂದ 39 ಡಿಗ್ರಿಗೆ ಏರಿಸಲು 2 × 4.18 × 39, ಅಂದರೆ 326 ಕಿಲೊಜೂಲ್ ಬೇಕು. ಅದು ಹಿಮದ ರೂಪದಲ್ಲಿದ್ದರೆ ಮೊದಲು ಕರಗಬೇಕು. ಅದಕ್ಕೆ ಗುಪ್ತೋಷ್ಣ 2 × 334, ಅಂದರೆ 668 ಕಿಲೊಜೂಲ್. ಒಟ್ಟು ಸುಮಾರು 1 ಮೆಗಾಜೂಲ್. ಕುರಿಯ ದಿನದ ಮೂಲ ಬೇಡಿಕೆಯ ಏಳನೆಯ ಒಂದು ಪಾಲು ಹಿಮ ಕರಗಿಸಲು ಮತ್ತು ಕಾಯಿಸಲು ಹೋಯಿತು! ತೂಗಿ ನೋಡಿದರೆ 100 ಗ್ರಾಂ ದಾಣಿ.

ಬಾವಿಯಿಂದ ಆಗಷ್ಟೇ ಸೇದಿದ ನೀರು 10–12 ಡಿಗ್ರಿ ಇದ್ದರೂ ಸಾಕು, ಉಳಿತಾಯ ಗಣನೀಯ. ಇನ್ನೂ ಮುಖ್ಯವಾದ ಮಾತೆಂದರೆ ನೀರು ಕೊರೆಯುವಂತಿದ್ದರೆ ಕುರಿ ಕಡಿಮೆ ಕುಡಿಯುತ್ತದೆ; ಕಡಿಮೆ ಕುಡಿದರೆ ಒಣಮೇವನ್ನು ಕಡಿಮೆ ತಿನ್ನುತ್ತದೆ. ಗೋದಲಿಯಲ್ಲಿ ಮೇವು ಉಳಿದಿದ್ದರೆ ಮೊದಲು ನೀರಿನ ತೊಟ್ಟಿಯನ್ನು ನೋಡಬೇಕು.

ಕಿಟಕಿ ಮುಚ್ಚಬೇಕೇ?

ಚಳಿಗೆ ಹೆದರಿ ಕೊಟ್ಟಿಗೆಯ ಕಿಟಕಿ, ಕಿಂಡಿಗಳನ್ನೆಲ್ಲ ಮುಚ್ಚಿಬಿಡುವುದು ಸಹಜ. ಇದು ಸರಿಯೇ? 50 ಕುರಿಗಳಿರುವ ಕೊಟ್ಟಿಗೆಯೊಂದನ್ನು ಊಹಿಸೋಣ. ಒಂದು ಕುರಿ 15 ವಾಟ್‌ನಷ್ಟು ಉಷ್ಣವನ್ನು ಆವಿಯ ಮೂಲಕ ಕಳೆಯುತ್ತದೆ ಎಂದೆವು. ಅಂದರೆ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರಾವಿ. 50 ಕುರಿಗಳಿಂದ 26 ಲೀಟರ್. ಗಂಜಲದ ತೇವ ಬೇರೆ. ಈ ಆವಿ ಹೊರಹೋಗದಿದ್ದರೆ ತಣ್ಣನೆಯ ಮಾಡಿನ ಒಳಮೈಯಲ್ಲಿ ಸಾಂದ್ರೀಕರಿಸಿ ಹನಿಹನಿಯಾಗಿ ಕುರಿಗಳ ಮೈಮೇಲೆಯೇ ತೊಟ್ಟಿಕ್ಕುತ್ತದೆ. ಹಾಸು ತೋಯುತ್ತದೆ, ಉಣ್ಣೆ ತೋಯುತ್ತದೆ. ಕಿಟಕಿ ಮುಚ್ಚಿದ್ದರ ಫಲವಾಗಿ ಕುರಿಯ ಕಂಬಳಿ ಕೆಟ್ಟಿತು.

ಹೊರಗೆ ಸೊನ್ನೆ ಡಿಗ್ರಿ, ಒಳಗೆ 5 ಡಿಗ್ರಿ ಇರಲಿ. ಆರ್ದ್ರತೆ ಪೂರ್ಣವಾಗಿದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸೊನ್ನೆ ಡಿಗ್ರಿಯಲ್ಲಿ 4.8 ಗ್ರಾಂ, 5 ಡಿಗ್ರಿಯಲ್ಲಿ 6.8 ಗ್ರಾಂ ಆವಿ ಹಿಡಿಯುತ್ತದೆ. ಹಾಗಾಗಿ ಒಳಬಂದು ಹೊರಹೋಗುವ ಪ್ರತಿ ಘನ ಮೀಟರ್ ಗಾಳಿ 2 ಗ್ರಾಂ ಆವಿಯನ್ನು ಹೊತ್ತೊಯ್ಯಬಲ್ಲದು. 26 ಲೀಟರ್ ಸಾಗಿಸಲು ದಿನಕ್ಕೆ 13,000 ಘನ ಮೀಟರ್, ಗಂಟೆಗೆ ಸುಮಾರು 550 ಘನ ಮೀಟರ್ ಗಾಳಿ ಬದಲಾಗಬೇಕು. ಇಷ್ಟು ಗಾಳಿಯನ್ನು 5 ಡಿಗ್ರಿ ಕಾಯಿಸಲು ತಗಲುವುದು ಸುಮಾರು 1 ಕಿಲೊವಾಟ್. 50 ಕುರಿಗಳು, ತಲಾ 60 ವಾಟ್‌ನಂತೆ, ಕೊಟ್ಟಿಗೆಗೆ ಕೊಡುತ್ತಿರುವುದು 3 ಕಿಲೊವಾಟ್. ಮೂರನೆಯ ಒಂದು ಭಾಗವನ್ನು ಗಾಳಿಗೆ ಕೊಟ್ಟರೂ ಗೋಡೆ-ಮಾಡುಗಳ ಮೂಲಕ ಆಗುವ ನಷ್ಟಕ್ಕೆ 2 ಕಿಲೊವಾಟ್ ಉಳಿಯುತ್ತದೆ. ಗಾಳಿಯಾಡಿಸುವ ಖರ್ಚನ್ನು ಕುರಿಗಳು ಭರಿಸಬಲ್ಲವು.

ಇನ್ನೊಂದು ಕಾರಣವೂ ಇದೆ. ಗಂಜಲ, ಹಿಕ್ಕೆಗಳಲ್ಲಿನ ಬ್ಯಾಕ್ಟೀರಿಯಗಳು ಯೂರಿಯಾವನ್ನು ಅಮೋನಿಯಾ ಆಗಿ ಪರಿವರ್ತಿಸುತ್ತವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗಕ್ಕಿಂತ ಹೆಚ್ಚು ಅಮೋನಿಯಾ ಇದ್ದರೆ ಶ್ವಾಸನಾಳದ ಒಳಪೊರೆ ಕೆಡುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಅಮೋನಿಯಾ ಗಾಳಿಗಿಂತ ಹಗುರ. ಆದರೆ ಅದು ಹುಟ್ಟುವುದು ನೆಲದಲ್ಲಿ. ಆದ್ದರಿಂದ ಮಲಗಿದ ಕುರಿಯ ಮೂಗಿನ ಮಟ್ಟದಲ್ಲಿ ಅದರ ಸಾಂದ್ರತೆ ನಿಂತ ಮನುಷ್ಯನ ಮೂಗಿನ ಮಟ್ಟಕ್ಕಿಂತ ಹೆಚ್ಚು. ಕೊಟ್ಟಿಗೆಯ ಗಾಳಿ ಸರಿಯಿದೆಯೇ ಎಂದು ತಿಳಿಯಲು ಕುಕ್ಕರಗಾಲಿನಲ್ಲಿ ಕೂತು ಉಸಿರೆಳೆದು ನೋಡಬೇಕು. ಕಣ್ಣು ಉರಿದರೆ ಹಾಸು ಬದಲಿಸಬೇಕು.

ಹೀಗಾಗಿ ಸೂತ್ರ ಸರಳ: ಕುರಿಯ ಎತ್ತರದಲ್ಲಿ ಬೀಸುಗಾಳಿ ನುಗ್ಗದಂತೆ ಬಿರುಕುಗಳನ್ನು ಮುಚ್ಚಿ, ಮಾಡಿನ ಹತ್ತಿರದ ಕಿಂಡಿಗಳನ್ನು ತೆರೆದಿಡಿ. ಬಿಸಿಯಾದ, ತೇವಭರಿತ ಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ. ಬಿಸಿಲು ಬಿದ್ದ ಹೊತ್ತಿನಲ್ಲಿ ಕುರಿಗಳನ್ನು ಅಂಗಳಕ್ಕೆ ಬಿಟ್ಟರೆ ಅವುಗಳಿಗೆ ನಡಿಗೆಯೂ ಆಯಿತು, ಡಿ ಅನ್ನಾಂಗವೂ ದೊರೆಯಿತು, ಕೊಟ್ಟಿಗೆಯೂ ಒಣಗಿತು.

ಉಣ್ಣೆಯ ಎಳೆಯಲ್ಲಿ ಚಳಿಗಾಲದ ದಾಖಲೆ

ಉಣ್ಣೆ ಕೆರಾಟಿನ್ ಎಂಬ ಗಂಧಕಯುಕ್ತ ಪ್ರೋಟೀನು. ಮೇವಿನಲ್ಲಿ ಪ್ರೋಟೀನು ಕಡಿಮೆಯಾದ ವಾರಗಳಲ್ಲಿ ಬೆಳೆದ ಎಳೆಯ ಭಾಗ ತೆಳುವಾಗುತ್ತದೆ. 20 ಮೈಕ್ರೊಮೀಟರ್ ಇರುವ ಎಳೆ ಒಂದೆಡೆ 16ಕ್ಕೆ ಇಳಿಯಿತು ಎನ್ನಿ. ಎಳೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ, ಅಂದರೆ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 16ರ ವರ್ಗವನ್ನು 20ರ ವರ್ಗದಿಂದ ಭಾಗಿಸಿದರೆ 0.64. ವ್ಯಾಸದಲ್ಲಿ ಐದನೆಯ ಒಂದು ಭಾಗ ಕಡಿಮೆಯಾದರೆ ಬಲದಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ನಷ್ಟ. ನೂಲುವಾಗ ಎಳೆ ಅಲ್ಲೇ ತುಂಡಾಗುತ್ತದೆ. ಯಾವ ನಯವಾದ ಉಣ್ಣೆಗಾಗಿ ಮಿಶ್ರತಳಿಯನ್ನು ಬೆಳೆಸಿದರೋ ಅದರ ಬೆಲೆಯೇ ಅರೆಹೊಟ್ಟೆಯ ಚಳಿಗಾಲದಲ್ಲಿ ಕರಗಿಹೋಗುತ್ತದೆ.

ಹುಟ್ಟುವ ಮರಿಯ ಪಾಡು ಇನ್ನೂ ಸೂಕ್ಷ್ಮ. 3 ಕಿಲೊಗ್ರಾಂ ಮರಿಗೆ, ತೂಕಕ್ಕೆ ಹೋಲಿಸಿದರೆ, ತಾಯಿಗಿಂತ ಎರಡು ಪಟ್ಟಿಗೂ ಹೆಚ್ಚು ಮೇಲ್ಮೈ ಇರುತ್ತದೆ. ಮೈ ಒದ್ದೆ, ಉಣ್ಣೆ ಗಿಡ್ಡ, ರೂಮೆನ್ ಇನ್ನೂ ಕೆಲಸ ಆರಂಭಿಸಿಲ್ಲ. ಅದರ ಬಳಿಯಿರುವ ಇಂಧನ ಎರಡೇ: ಹುಟ್ಟುವಾಗಲೇ ತಂದ ಕಂದು ಕೊಬ್ಬು ಮತ್ತು ತಾಯಿಯ ಗಿಣ್ಣುಹಾಲು. ಈ ಎರಡೂ ತಾಯಿಯ ಕೊನೆಯ ಆರು ವಾರಗಳ ಮೇವಿನಿಂದ ಬಂದವು. ಹುಟ್ಟಿದ ಕೂಡಲೇ ಮೈ ಒರೆಸಿ ಒಣಗಿಸುವುದು, ಮೊದಲ ಗಂಟೆಯಲ್ಲಿ ಗಿಣ್ಣು ಕುಡಿಸುವುದು ಅತ್ಯಗತ್ಯ. ಆದರೆ ತಾಯಿಯ ಕೆಚ್ಚಲಲ್ಲಿ ಗಿಣ್ಣು ಇದ್ದರೆ ತಾನೆ ಕುಡಿಸುವುದು?

ಲೆಕ್ಕ ಕೂಡಿಸಿದಾಗ

50 ಕುರಿಗಳಿಗೆ ದಿನಕ್ಕೆ ತಲಾ 1 ಕಿಲೊಗ್ರಾಂ ಒಣಮೇವಿನಂತೆ 120 ದಿನಗಳಿಗೆ 6 ಟನ್ ಬೇಕು. ಗಬ್ಬದ ಕೊನೆ ಮತ್ತು ಈಯ್ದ ಆರಂಭದ ಒಟ್ಟು 60 ದಿನಗಳಿಗೆ ತಲಾ 250 ಗ್ರಾಂ ದಾಣಿಯಂತೆ 750 ಕಿಲೊಗ್ರಾಂ. ಜಮ್ಮು–ಶ್ರೀನಗರ ಹೆದ್ದಾರಿ ಹಿಮಪಾತ, ಭೂಕುಸಿತಗಳಿಂದ ಮುಚ್ಚಿದಾಗ ಮೇವನ್ನು ತರಿಸುವುದು ಕಷ್ಟ. ಅಕ್ಟೋಬರ್‌ನಲ್ಲಿ ಅಟ್ಟದಲ್ಲಿರುವ ಮೇವನ್ನು ತೂಗಿ, ಅದಕ್ಕೆ ಸರಿಹೊಂದುವಷ್ಟೇ ಕುರಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಮಾರುವುದು ನಿಷ್ಠುರವೆನಿಸಬಹುದು. ಆದರೆ ಫೆಬ್ರವರಿಯಲ್ಲಿ ಎಲ್ಲ ಕುರಿಗಳನ್ನೂ ಅರೆಹೊಟ್ಟೆಯಲ್ಲಿಡುವುದಕ್ಕಿಂತ ಅದು ಮೇಲು.

ಕರ್ನಾಟಕದ ಕುರಿಗಳಿಗೆ ಇಂಥ ಚಳಿಯಿಲ್ಲ. ಆದರೂ ಮೇಯುವ ನೆಲ ಕಡಿಮೆಯಾಗುತ್ತಿರುವುದರಿಂದ ಕಟ್ಟಿ ಮೇಯಿಸುವ ಪದ್ಧತಿ ಇಲ್ಲೂ ಹರಡುತ್ತಿದೆ. ಹುಲ್ಲಿನ ಸತ್ವ, ಗಬ್ಬದ ಕುರಿಯ ಬೇಡಿಕೆ, ಅಮೋನಿಯಾ, ಮಳೆಗಾಲದ ಒದ್ದೆ ಹಾಸು – ಈ ನಾಲ್ಕರ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

ಶಿಕ್ಷಕರು ತರಗತಿಯಲ್ಲಿ ಒಂದು ಸುಲಭ ಪ್ರಯೋಗ ಮಾಡಿಸಬಹುದು. ಒಂದೇ ಅಳತೆಯ ಮೂರು ಡಬ್ಬಿಗಳಲ್ಲಿ 60 ಡಿಗ್ರಿಯ ನೀರನ್ನು ಸಮನಾಗಿ ತುಂಬಿ, ಒಂದನ್ನು ಬರಿದಾಗಿ, ಇನ್ನೊಂದನ್ನು ಒಣ ಕಂಬಳಿಯ ತುಂಡು ಸುತ್ತಿ, ಮೂರನೆಯದನ್ನು ನೀರಿನಲ್ಲಿ ನೆನೆಸಿ ಹಿಂಡಿದ ಕಂಬಳಿಯ ತುಂಡು ಸುತ್ತಿ ಇಡಿ. ಐದು ನಿಮಿಷಕ್ಕೊಮ್ಮೆ ತಾಪ ಗುರುತಿಸಿ ನಕ್ಷೆ ಬರೆಯಿರಿ. ಒದ್ದೆ ಕಂಬಳಿಯ ಡಬ್ಬಿ ಬರಿಯ ಡಬ್ಬಿಯೊಂದಿಗೆ ಹೇಗೆ ಪೈಪೋಟಿ ನಡೆಸುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಾಣಲಿ. ಬಳಿಕ, 5 ಸೆಂಟಿಮೀಟರ್ ಉಣ್ಣೆಯಿರುವ ಕುರಿಗೆ ಒಂದು ಡಿಗ್ರಿ ಚಳಿಯ ಬೆಲೆ ಎಷ್ಟು ಗ್ರಾಂ ದಾಣಿ ಎಂದು ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿಸಿ.

ಶಕ್ತಿಯ ಸಂರಕ್ಷಣೆಯ ನಿಯಮ ಪ್ರಯೋಗಾಲಯಕ್ಕೆ ಎಷ್ಟು ಸತ್ಯವೋ ಕೊಟ್ಟಿಗೆಗೂ ಅಷ್ಟೇ ಸತ್ಯ. ಕುರಿಯ ಮೈಯಿಂದ ಹೊರಟ ಪ್ರತಿಯೊಂದು ಜೂಲ್ ಎಲ್ಲಿಂದಲಾದರೂ ಬಂದಿರಲೇಬೇಕು. ಗೋದಲಿಯಿಂದ ಬರದಿದ್ದರೆ ಅದು ತಾಯಿಯ ಮಾಂಸದಿಂದ, ಉಣ್ಣೆಯ ಎಳೆಯಿಂದ, ಹುಟ್ಟಬೇಕಾದ ಮರಿಯ ಪಾಲಿನಿಂದ ಬರುತ್ತದೆ.